ಅಳುವ ಅಳಿಯ

ಅವತ್ತು ಐತವಾರ. ಉದಗೀರದ ನಮ್ಮ ಮನೆಯ ಪಡಸಾಲೆಯಲ್ಲಿ ಕಾಕಾ ಗೋಡೆಗೆ ಲೋಡು ಆನಿಸಿಕೊಂಡು ಕೂತಿದ್ದರು. ಪಕ್ಕದಲ್ಲಿ ಕಾಕು ಮೊರದ ತುಂಬ ಶೇಂಗಾ ಇಟ್ಟುಕೊಂಡು ಸುಲಿಯುತ್ತಿದ್ದರು. ನನ್ನ ಹೆಂಡತಿ ಚಹಾ ತರುವ ನೆಪದಲ್ಲಿ ಅಡಿಗೆಮನೆಗೂ ಪಡಸಾಲೆಗೂ ತಿರುಗುತ್ತಿದ್ದಳು. ಮಗಳು ಹೊಸ್ತಿಲ ಒಳಗೆ, ಒಂದು ಕಾಲು ಹೊರಗೆ. ನಾನು ಕಾಕಾರ ಎದುರಿಗೆ. ಇನ್ನು ಮನೆಯಲ್ಲಿದ್ದ ಒಂದೇ ಒಂದು ಒಳ್ಳೆಯ ಕುರ್ಚಿಯ ಮೇಲೆ, ಬೆನ್ನು ನೆಟ್ಟಗೆ ಮಾಡಿಕೊಂಡು, ನಿಲಂಗಾದ ಹುಡುಗ. ನನ್ನ ಮಗಳನ್ನು ಮಾಡಿಕೊಳ್ಳಬೇಕಾದವನು.

ಮಾತುಕತೆಯೆಲ್ಲ ಮುಗಿದಿತ್ತು. ಸಾಖರಪುಡಾ, ಅಂದರೆ ನಿಶ್ಚಿತಾರ್ಥ, ಅದೊಂದು ಉಳಿದಿತ್ತು. ಹೆಣ್ಣು ನೋಡಲು ಅವರು ಬಂದ ದಿನ ಕಾಕಾಗೆ ಜ್ವರ ಇತ್ತು, ಹುಡುಗನನ್ನು ಸರಿಯಾಗಿ ನೋಡಿರಲಿಲ್ಲ. ನಮ್ಮಪ್ಪ ತೀರಿಕೊಂಡ ಮೇಲೆ ಅವರ ತಮ್ಮನಾದ ಈ ಕಾಕಾನೇ ಮನೆಗೆ ಹಿರಿಯರು. ಎಂಬತ್ತು ದಾಟಿದವರು. ಅವರು "ಆಗಲಿ" ಅನ್ನದೆ ನಮ್ಮ ಮನೆಯಲ್ಲಿ ಒಂದು ಎಮ್ಮೆಯನ್ನೂ ಕೊಂಡದ್ದಿಲ್ಲ. ಅದಕ್ಕೇ ಹುಡುಗನನ್ನು ಕರೆಸಿದ್ದೆ. ಅವನು ಉಮರಗಾದಲ್ಲಿ ಭೂಮಿ ಅಳೆಯುವ ಸರಕಾರಿ ನೌಕರ. ದಾಳಿಂಬ, ಯೆಣೆಗೂರ ಹಳ್ಳಿಗಳ ಕಡೆಯ ಹೊಲಗಳ ಗಡಿ ಅಳೆದು ಅಳೆದು ಮುಖ ಸುಟ್ಟ ರೊಟ್ಟಿಯ ಬಣ್ಣಕ್ಕೆ ಬಂದಿತ್ತು. ಅದು ಕಾಕಾಗೆ ಹಿಡಿಸಿತ್ತು. "ಬಿಸಲಾಗ ಬೆಂದ ಹುಡುಗ," ಅಂತ ನನ್ನ ಕಿವಿಯಲ್ಲಿ ಅಂದಿದ್ದರು ಕೂಡ.

ಕೆಟ್ಟದ್ದು ಟೀವಿಯಿಂದ. ಮರಾಠಿಯ ಹಾಡಿನ ಸ್ಪರ್ಧೆ ನಡೆದಿತ್ತು. ಒಬ್ಬ ಹುಡುಗ ತಾಯಿಯ ಮೇಲೆ ಹಾಡಿದ. ಹಾಡಿದವನು ಅತ್ತ, ಕೇಳುವ ಪರೀಕ್ಷಕರು ಅತ್ತರು, ಮುಂದೆ ಕೂತ ಜನವೂ ಅತ್ತಿತು. ನಾನು ಈ ಕಡೆ ತಿರುಗಿದರೆ ಕುರ್ಚಿಯ ಮೇಲಿನ ನಮ್ಮ ಹುಡುಗನೂ ಕರವಸ್ತ್ರ ತೆಗೆದು, ಮರೆಮಾಚದೆ, ಎರಡೂ ಕಣ್ಣು ಒರೆಸಿಕೊಳ್ಳುತ್ತಿದ್ದ. ಒರೆಸಿಕೊಂಡು, "ನಮ್ಮವ್ವ ನೆನಪಾದಳ್ರೀ," ಅಂತ ಸಣ್ಣಗೆ ನಕ್ಕು, ಚಹಾದ ಬಸಿ ಎತ್ತಿಕೊಂಡ. ಅವನ ತಾಯಿ ತೀರಿಕೊಂಡು ಬಹಳ ವರ್ಷ ಆಗಿರಲಿಲ್ಲ. ಕಾಕು ಒಂದು ಹಿಡಿ ಶೇಂಗಾ ಅವನ ಕೈಗೆ ಹಾಕಿದರು. ಕಾಕಾ ಮಾತ್ರ ಟೀವಿ ಬಿಟ್ಟು ಅವನನ್ನೇ ನೋಡಿದರು.

ಹುಡುಗ ಬಸ್ಸಿಗೆ ಹೊರಟ. ಅವನ ಚಪ್ಪಲಿ ಸಪ್ಪಳ ಓಣಿಯಲ್ಲಿ ಕರಗುವ ತನಕ ಕಾಕಾ ಬಾಗಿಲ ಕಡೆಗೇ ನೋಡಿದರು. ಆಮೇಲೆ ಹಿರಿಯರ ಕಾಲದ ಆ ಮಾತು ತೆಗೆದರು:

"ನಗೋ ಹೆಂಗಸನ್ನ ನಂಬಬಾರದು, ಅಳೋ ಗಂಡಸನ್ನ ನಂಬಬಾರದು. ಈ ಸಂಬಂಧ ಆಗೂದಿಲ್ಲ."

"ನಾ ಐವತ್ತು ವರ್ಷ ನಿಮ್ಮ ಮನ್ಯಾಗ ನಕ್ಕೀನಲ್ಲಾ," ಅಂದರು ಕಾಕು, ಶೇಂಗಾದಿಂದ ಕಣ್ಣು ತೆಗೆಯದೆ. "ನನ್ನ ನಂಬಿಲ್ಲೇನು ಹಂಗಾದ್ರ?"

"ನಿನ್ನ ಮಾತು ಬ್ಯಾರೆ."

"ಹೂಂ. ನನ್ನ ಮಾತು ಯಾವಾಗಲೂ ಬ್ಯಾರೇನೇ."

ಕಾಕಾ ಯಾಕೆ ಹೀಗೆ ಅಂದರು ಅನ್ನುವುದು ತಿಳಿಯಬೇಕಾದರೆ ಅವರ ಕಾಲ ತಿಳಿಯಬೇಕು. ದಾಳಿಂಬದಿಂದ ಉಮರಗಾಕ್ಕೆ ಸೈಕಲ್ ತುಳಿದುಕೊಂಡು ತಂಬೂ ಸಿನಿಮಾಕ್ಕೆ ಹೋಗುತ್ತಿದ್ದ ಹುಡುಗ ಅವರು. ಆ ಸಿನಿಮಾಗಳ ಗಂಡಸರು ಗುಂಡು ತಗಲಿದರೂ ಮೀಸೆಯ ಕೆಳಗೆ ನಗುತ್ತಿದ್ದರಂತೆ. ತಾಯಿ ಸತ್ತರೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು, ಅಷ್ಟೇ. "ಬೆನ್ನು ನೋಡಿ ನಾವು ಅಳತಿದ್ದೆವು," ಅನ್ನುತ್ತಿದ್ದರು ಕಾಕಾ. ಊರ ಕುಸ್ತಿಯ ತಾಲೀಮಿನಲ್ಲಿ ಉಸ್ತಾದರು ಕಲಿಸಿದ್ದೂ ಅದೇ ಪಾಠ: ಬಿದ್ದರೆ ಮಣ್ಣು ಝಾಡಿಸು, ಮುಖ ತೋರಿಸಬೇಡ. ಮುಂದೆ ಉದಗೀರದ ಮೋಂಢಾದಲ್ಲಿ, ಅಂದರೆ ನಮ್ಮ ಕಾಳಿನ ಪೇಟೆಯಲ್ಲಿ, ಅಂಗಡಿ ಹಾಕಿದಾಗಲೂ ಆ ಬೆನ್ನನ್ನು ಜೊತೆಗೇ ತಂದರು.

ಒಮ್ಮೆ ತೊಗರಿ ತುಂಬಿದ ಚೀಲ ಒಂದರ ಮೇಲೊಂದು ಒಟ್ಟಿದ ಥಪ್ಪಿಯಿಂದ ಜಾರಿ ಕಾಕಾರ ಪಾದದ ಮೇಲೆ ಬಿತ್ತು. ಹಮಾಲರು ಕೂಗಿಕೊಂಡು ಓಡಿಬಂದರು. ಕಾಕಾ ಮಾತ್ರ ವ್ಯಾಪಾರಿಯ ಜೊತೆ ನಡೆದಿದ್ದ ಸೌದಾ ಮುಗಿಸಿದರು, ಎಲ್ಲರಿಗೂ ಚಹಾ ಹೇಳಿದರು, ತಾವೂ ಕುಡಿದರು. ಆಮೇಲೆ, "ಡಾಕ್ಟರ ಕಡೆ ಹೋಗಿ ಬರ್ತೀನಿ, ಉಗುರು ಕಳಚೇದ ಅನಸ್ತದ," ಅಂದರು. ಕಳಚಿದ್ದು ಉಗುರಲ್ಲ, ಬೆರಳೇ ಮುರಿದಿತ್ತು. ಈ ಕಥೆಯನ್ನು ಪೇಟೆಯಲ್ಲಿ ಇವತ್ತಿಗೂ ಹೇಳುತ್ತಾರೆ. ಹೇಳುವಾಗ ನಾನು ಅಲ್ಲಿದ್ದರೆ ನನ್ನ ಎದೆ ಒಂದು ಗೇಣು ಮುಂದೆ ಬರುತ್ತದೆ.

ನಮ್ಮಪ್ಪ ತೀರಿಕೊಂಡ ದಿನವೂ ಹಾಗೇ. ಸಮಾಧಿಯ ಕುಣಿ ತೋಡಿಸುವುದರಿಂದ ಹಿಡಿದು ಸ್ವಾಮಿಗಳನ್ನು ಕರೆಸುವ ತನಕ, ಬಂದ ಬೀಗರಿಗೆ ಸ್ನಾನಕ್ಕೆ ನೀರು ಕಾಯಿಸುವ ತನಕ, ಎಲ್ಲ ಕಾಕಾ. ಒಡಹುಟ್ಟಿದ ಅಣ್ಣ ಹೋಗಿದ್ದಾನೆ, ಕಣ್ಣು ಒದ್ದೆಯಿಲ್ಲ. ನಾನು ಅವರ ಹೆಗಲ ಮೇಲೆ ಬಿದ್ದು ಅತ್ತೆ. ಆ ಹೆಗಲು ಅಲುಗಲಿಲ್ಲ. ಅಂಥ ಹೆಗಲಿನ ಮನೆಯಲ್ಲಿ ಬೆಳೆದವನು ನಾನು ಅನ್ನುವುದನ್ನು ತಲೆ ಎತ್ತಿಯೇ ಹೇಳುತ್ತೇನೆ.

ಆದರೆ ಟೀವಿಯ ಗಂಡಸರು ಬದಲಾದರು. ಧಾರಾವಾಹಿಯ ಅಪ್ಪಂದಿರು ಮಗಳ ಮದುವೆಗೆ ಮೊದಲೇ ಅಳಲು ಶುರು ಮಾಡಿದರು. ಮೊಬೈಲ್ ತೆರೆದರೆ ಮದುಮಗಳು ಮಂಟಪಕ್ಕೆ ಬರುವುದನ್ನು ಕಂಡು ಕಣ್ಣೊರೆಸುವ ಮದುಮಗ. ಕ್ರಿಕೆಟ್ ಗೆದ್ದ ಆಟಗಾರ ಮೈದಾನದ ನಡುವೆ ಮೊಣಕಾಲೂರಿ ಅತ್ತಾಗ ಕಾಕಾ ನನ್ನನ್ನು ಕೇಳಿದ್ದರು: "ಸೋತಾಂವ ಅಳಲಿ. ಗೆದ್ದಾಂವಗೇನು ಬ್ಯಾನಿ?" ಹುಡುಗರೆಲ್ಲ ಅವನ ಆ ಅಳುವ ಫೋಟೋವನ್ನೇ ಮೊಬೈಲಿಗೆ ಹಾಕಿಕೊಂಡಿದ್ದರು.

ಆ ಸಂಜೆ ಮಗಳು ಕಾಕಾರ ಮುಂದೆ ಹೋಗಿ ಕೂತಳು.

"ಅಜ್ಜಾ, ನಾ ಈ ಹುಡುಗಗ ಹೂಂ ಅಂದೀನಿ."

"ಅತ್ತದ್ದು ನೋಡೀಯಿಲ್ಲೋ?"

"ನೋಡೀನಿ. ಇವನ ಮೊದಲು ಬಂದವರೆಲ್ಲಾ ಗೋಡಿ ಹಂಗ ಕುಂತು, ಪೋಹೆ ತಿಂದು ಹೋದ್ರು. ಒಳಗ ಏನದ ಒಬ್ಬರದೂ ತಿಳಿಲಿಲ್ಲ. ಇವಂದು ಒಬ್ಬಂದು ತಿಳೀತು. ನನಗ ಇವನೇ ಬೇಕು."

"ನೀ ಇನ್ನೂ ಸಣ್ಣಾಕಿ."

"ಸಣ್ಣಾಕಿಗಿ ಲಗ್ನ ಯಾಕ ಮಾಡ್ತಿ ಮತ್ತ?"

ಕಾಕು ಸೆರಗಿನಲ್ಲಿ ನಕ್ಕರು. ಕಾಕಾ ನಗಲಿಲ್ಲ. ಮಗಳ ಮುಖ ಇಳಿದಿತ್ತು. ಅವಳು ರಾತ್ರಿ ಊಟಕ್ಕೆ ಬರಲಿಲ್ಲ.

ಮರುದಿನ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ ಕಾಕಾ, "ನಿಲಂಗಾಕ್ಕ ಫೋನ್ ಹಚ್ಚು," ಅಂದರು. ಹುಡುಗನ ಅಜ್ಜನಿಗೆ ತಾವೇ ಬೇಡ ಎಂದು ಹೇಳುವವರಿದ್ದರು. ಇಬ್ಬರಿಗೂ ಕಿವಿ ಮಂದ, ಅದಕ್ಕೆ ಸ್ಪೀಕರ್ ಹಾಕಿಯೇ ಮಾತು. ಮನೆಯವರೆಲ್ಲ ಸುತ್ತ ನಿಂತೆವು.

"ಶರಣ್ರೀ ಬೀಗರ," ಅಂದರು ಕಾಕಾ. "ಒಂದು ಮಾತು ಕೇಳೂದಿತ್ತು. ಸಿಟ್ಟಿಗಿ ಬರಬ್ಯಾಡ್ರಿ. ನಿಮ್ಮ ಹುಡುಗ ಅಳತಾನ."

"ಹೌದ್ರೀ," ಅಂತ ಆ ಕಡೆಯಿಂದ ಅಜ್ಜನ ದನಿ ಹುರುಪಿನಿಂದ ಬಂತು. "ಅದೇ ಅಲ್ರೀ ಅವನ ನೌಕರಿ!"

ಕಾಕಾ ನನ್ನ ಮುಖ ನೋಡಿದರು. "ಅಳೋದು ನೌಕರಿ?"

"ಸರಕಾರ ಪಗಾರ ಕೊಡತದ್ರೀ ಅದಕ್ಕ."

"ಎಲ್ಲಾರ ಮುಂದ ಅಳತಾನ್ರೀ!"

"ಎಲ್ಲಾರ ಮುಂದೇ ಆಗಬೇಕ್ರೀ. ಹಿಂದಿಂದ ಮಾಡಿದ್ರ ಅಣ್ಣತಮ್ಮರು ಬಡದಾಡ್ತಾರ. ಇಬ್ಬರನ್ನೂ ಕರೆದು, ನಡುವ ನಿಂತು, ನೋಡ್ರಪಾ ಅಂತ ತೋರಿಸಿ ಮಾಡ್ತಾನ."

ನಮ್ಮ ಕಡೆ ಅಳುವುದಕ್ಕೆ ಅಳತಾನ ಅನ್ನುತ್ತೇವೆ, ಅಳೆಯುವುದಕ್ಕೆ ಅಳೀತಾನ. ನಡುವೆ ಇರುವುದು ಒಂದು ದೀರ್ಘ. ಕಾಕಾರ ಮಾತು ಹಲ್ಲಿಲ್ಲದ ಬಾಯಿಂದ ಹೊರಟು ಆ ಕಡೆಯ ಮುದುಕರ ಮಂದ ಕಿವಿ ಮುಟ್ಟುವಷ್ಟರಲ್ಲಿ ಆ ದೀರ್ಘ ದಾರಿಯಲ್ಲೇ ಎಲ್ಲೋ ಸೇರಿಕೊಂಡಿತ್ತು. ಶಾಲೆಯಲ್ಲಿ ಮರಾಠಿ ಓದಿ, ಮನೆಯಲ್ಲಿ ಅಜ್ಜಿಯ ಬಾಯಿಂದ ಕನ್ನಡ ಕಲಿತ ನನಗೂ ಈ ಎರಡು ಮಾತು ಇಷ್ಟು ಹತ್ತಿರದ ನೆರೆಹೊರೆ ಅಂತ ಅಲ್ಲಿಯ ತನಕ ಹೊಳೆದಿರಲಿಲ್ಲ.

"ಯಾವಾಗಿಂದ ಅದ ಇದು?" ಕಾಕಾ ಈಗ ವೈದ್ಯರ ಹಾಗೆ ಕೇಳುತ್ತಿದ್ದರು.

"ಮೂರು ತಲಿಯಿಂದ್ರೀ! ನಾನೂ ಅದೇ ಮಾಡೀನಿ, ಇವರಪ್ಪನೂ ಅದೇ. ನಮ್ಮ ಕಾಲದಾಗ ಸರಪಳಿ ಇತ್ತು. ಈಗ ಇವಂಗ ಮಶೀನ್ ಕೊಟ್ಟಾರ."

"ಅಳಾಕ ಮಶೀನ್ ಬಂದದ?"

ಮಗಳಿಗೆ ತಡೆಯಲಿಲ್ಲ. ಬಾಯಿಗೆ ಹಿಡಿದ ಕೈ ತೆಗೆದು, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಫೋನಿನ ಹತ್ತಿರ ಬಗ್ಗಿ ಕೂಗಿದಳು: "ಅಜ್ಜಾರೀ, ನಮ್ಮಜ್ಜ ಹೊಲಾ ಅಳಿಯೋದು ಕೇಳ್ಲಾಕತ್ತಿಲ್ರೀ! ಕಣ್ಣೀರು! ಕಣ್ಣೀರು ಹಾಕೋದು ಕೇಳ್ಲಾಕತ್ತಾನ!"

ಆ ಕಡೆಯಿಂದ ಅಜ್ಜನ ದನಿ ಬಂತು, ಮೊದಲಿನ ಹುರುಪಿಲ್ಲದೆ.

"ಅದಾ? ಅದೂ ಹೌದ್ರೀ. ಸುಳ್ಳ್ಯಾಕ ಹೇಳ್ಲಿ. ನಮ್ಮ ಸೊಸಿ ಹ್ವಾದಾಗ ಮನ್ಯಾಗ ಉಳದದ್ದು ನಾವು ಬರೇ ಗಂಡಸರು. ನಾ, ನನ್ನ ಮಗ, ಎರಡು ಮೊಮ್ಮಕ್ಕಳು. ನಾ ಅಳಲಿಲ್ಲ, ಅವರಪ್ಪ ಅಳಲಿಲ್ಲ. ಒಬ್ಬರ ಮಾರಿ ಒಬ್ಬರು ನೋಡಲಿಲ್ಲ. ಬಂದ ಮಂದಿ ಎಲ್ಲಾ ಹ್ವಾದ ಮ್ಯಾಲ ಒಲಿ ಹಂಗೇ ತಣ್ಣಗ ಇತ್ತು. ಇಂವಾ ಒಬ್ಬ ಅಡಗಿಮನ್ಯಾಗ ಕುಂತು ಭಾಳ ಹೊತ್ತು ಅತ್ತ. ನಮಗೆಲ್ಲಾ ಕೇಳ್ತಿತ್ತು. ಆಮ್ಯಾಲ ಮಾರಿ ತೊಳಕೊಂಡು, ಒಲಿ ಹಚ್ಚಿ, ರೊಟ್ಟಿ ಬಡದ. ಕರಕ ಆಗಿದ್ವು. ಕರದು ಕೂಡಿಸಿ ನೀಡಿದ. ಉಂಡೇವ್ರೀ."

ಕಾಕಾ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದರು, ಸ್ಪೀಕರ್ ಇದ್ದರೂ.

"ರೊಟ್ಟಿ ಯಾರು ಕಲಿಸಿದ್ರು?"

"ಯಾರೂ ಇಲ್ರಿ. ಅವರವ್ವ ಮಾಡೂದು ನೋಡಿದ್ದ."

"ಅವತ್ತೇ ಬಡದ?"

"ಅವತ್ತೇ."

ಕಾಕಾ ಎದುರಿಗಿದ್ದ ಕಾಕುವನ್ನು ನೋಡಿದರು. ಕಾಕುವೂ ಅವರನ್ನೇ ನೋಡಿದರು. ಆ ನೋಟ ನನಗೆ ಗೊತ್ತಿತ್ತು. ನಮ್ಮಪ್ಪ ಹೋದ ದಿನ ನೀರು ಕಾಯಿಸಿ, ಎಲ್ಲರಿಗೂ ಉಣ್ಣಲು ನೀಡಿದವರು ಕಾಕಾ. ಅತ್ತು ಮಾಡಿದರೂ ಅಳದೆ ಮಾಡಿದರೂ ಕೆಲಸ ಅದೇ ಅಲ್ಲವೇ? ಇದು ನಾನು ಈಗ ಬರೆಯುತ್ತಿರುವ ಮಾತು. ಕಾಕಾ ಅಂದದ್ದು ಇಷ್ಟೇ:

"ಅತ್ತು ರೊಟ್ಟಿ ಬಡದಾನಂದ್ರ ಆಗಲಿ. ಸಾಖರಪುಡಾಕ್ಕ ದಿನಾ ನೋಡ್ರಿ ಬೀಗರ. ಆದ್ರ ಹುಡುಗಗ ಹೇಳ್ರಿ, ಟೀವಿ ನೋಡಿ ಅಳಬ್ಯಾಡ. ಅವರಿಗಿ ರೊಕ್ಕಾ ಕೊಟ್ಟು ಅಳಸ್ತಾರ."

"ಹೇಳ್ತೀನ್ರೀ. ಕೇಳಂಗಿಲ್ಲ ಅಂವಾ."

ಮಗಳು ಅಷ್ಟರಲ್ಲಿ ಅಡಿಗೆಮನೆ ಸೇರಿದ್ದಳು. ಹಿಂದಿನ ರಾತ್ರಿಯ ಊಟವನ್ನೂ ಸೇರಿಸಿ ತಿಂದಳು ಅಂತ ನನ್ನ ಹೆಂಡತಿ ಹೇಳಿದಳು.

ಮದುವೆ ಚೆನ್ನಾಗಿ ಆಯಿತು. ಹಳ್ಳಿಯವರು, ಪೇಟೆಯವರು, ಉಮರಗಾದ ಅಳತೆಯ ನೌಕರರು, ಎಲ್ಲರೂ ಬಂದಿದ್ದರು. "ಹುಡುಗ ಹ್ಯಾಂಗ?" ಅಂತ ಕೇಳಿದವರಿಗೆಲ್ಲ ಕಾಕಾ, "ನಮ್ಮ ಅಳಿಯ ಭಾಳ ಚಂದ ಅಳತಾನ," ಅಂತ ದೀರ್ಘವನ್ನು ಬೇಕೆಂದೇ ನುಂಗಿ ಹೇಳುತ್ತಿದ್ದರು. ಕೇಳಿದವರು ಅರ್ಥವಾಗದೆ ತಲೆ ಆಡಿಸಿ ಊಟಕ್ಕೆ ಹೋಗುತ್ತಿದ್ದರು.

ಅದಾದ ಮೇಲಿನ ಚಳಿಗಾಲದಲ್ಲಿ ಕಾಕುವಿಗೆ ಹೊಟ್ಟೆಯ ಆಪರೇಷನ್ ಆಯಿತು. ಸುದ್ದಿ ತಿಳಿದು ಅಳಿಯ ಯೆಣೆಗೂರದ ಹೊಲದಿಂದ ನೇರ ಆಸ್ಪತ್ರೆಗೆ ಬಂದ, ಬೂಟಿನ ತುಂಬ ಕರಿಮಣ್ಣು. ನಾನು ಔಷಧಿ ತೆಗೆದುಕೊಂಡು ಮೆಟ್ಟಿಲು ಹತ್ತಿ ಬರುವಾಗ ಅವನು ಬಾಗಿಲ ಹೊರಗಿನ ಮರದ ಬಾಕಿನ ಮೇಲೆ ಕಾಕಾರ ಪಕ್ಕದಲ್ಲಿ ಕೂತಿದ್ದ.

"ಅಜ್ಜಾರೀ, ಹೆದರಿಕಿ ಆಗ್ಯಾದೇನ್ರೀ?" ಅಂತ ಕೇಳಿದ.

ಕಾಕಾ ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

"ಹೂಂ. ಆಗ್ಯಾದ," ಅಂದರು.

ಅಳಿಯ ಚೀಲದಿಂದ ನೀರಿನ ಬಾಟ್ಲಿ ತೆಗೆದು ಮುಚ್ಚಳ ಬಿಚ್ಚಿ ಕೊಟ್ಟ. ಕಾಕಾ ಕುಡಿದರು, ಉಳಿದದ್ದನ್ನು ಅವನು ಕುಡಿದ. ಮಧ್ಯಾಹ್ನ ದಾದಿ ಬಾಗಿಲು ತೆರೆದು, ಅಜ್ಜಿಗೆ ಎಚ್ಚರಾಗಿದೆ, ಇಬ್ಬರು ಒಳಗೆ ಬರಬಹುದು ಅಂದಳು. ಅವರಿಬ್ಬರೂ ಎದ್ದು ಒಳಗೆ ಹೋದರು.