ಕೈಮಾತು ತುಂಡಾಗದಂತೆ

ನನ್ನ ತಂಗಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ಅಪ್ಪ ವಿಜಾಪುರದ ಕಡೆಯಿಂದ ಬಂದು ಕಾರ್ಖಾನೆಯೊಂದರ ಆಫೀಸಿನಲ್ಲಿ ಗುಮಾಸ್ತನಾಗಿದ್ದ. ನಾವಾಗ ಪುಣೆಯ ಹೊರಗಿನ ನಿಗಡಿಯಲ್ಲಿದ್ದೆವು. ಕಿವುಡ ಮಕ್ಕಳ ಶಾಲೆ ಇದ್ದದ್ದು ಪುಣೆಯ ಊರೊಳಗೆ. ದಿನಾ ಬಸ್ಸಿನಲ್ಲಿ ಹೋಗಿಬರುವುದು ಆಗದ ಮಾತು ಎಂದು ಅವಳನ್ನು ಅಲ್ಲಿಯ ಹಾಸ್ಟೆಲ್ಲಿನಲ್ಲೇ ಇಟ್ಟಿದ್ದರು. ಶನಿವಾರ ಮನೆಗೆ ಬರುತ್ತಿದ್ದಳು.

ಶಾಲೆಯಲ್ಲಿ ಕಲಿಸುತ್ತಿದ್ದುದು ಮರಾಠಿ. ಮನೆಯಲ್ಲಿ ಬೇರೆ ಭಾಷೆ ಆಡಿದರೆ ತುಟಿ ನೋಡಿ ಮಾತು ತಿಳಿಯುವುದು ಮಗುವಿಗೆ ಕಷ್ಟವಾಗುತ್ತದೆ, ಅವಳ ಮುಂದೆ ಮರಾಠಿಯನ್ನೇ ಆಡಿ ಎಂದು ಟೀಚರು ಅವ್ವನಿಗೆ ಹೇಳಿದ್ದರು. ಅವ್ವನಿಗೆ ಆಗ ಬರುತ್ತಿದ್ದುದು ತರಕಾರಿ ಕೊಳ್ಳುವಷ್ಟು ಮರಾಠಿ. ಮಗಳ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಆ ನಾಲ್ಕು ಮಾತುಗಳನ್ನೇ ಬಾಯಿ ಅಗಲಿಸಿ ಹೇಳುತ್ತಿದ್ದಳು. ತಂಗಿಯ ಬೆನ್ನು ತಿರುಗಿದ ಕೂಡಲೇ ನಾವೆಲ್ಲ ಕನ್ನಡಕ್ಕೆ ಮರಳುತ್ತಿದ್ದೆವು. ಅಪ್ಪ ತೀರಿಕೊಂಡ ಮೇಲೆ ಅವ್ವ ಒಮ್ಮೆ ಅಂದದ್ದುಂಟು, "ನನ್ನ ಹೊಟ್ಟ್ಯಾಗ ಹುಟ್ಟಿದಾಕಿ ಜೋಡಿ ನಾ ಒಂದು ದಿನಾನೂ ನನ್ನ ಮಾತ ಆಡ್ಲಿಲ್ಲ ನೋಡು."

ತರಗತಿಯಲ್ಲಿ ಕೈಸನ್ನೆ ಮಾಡುವಂತಿರಲಿಲ್ಲ. ಮಾಡಿದರೆ ಬೆರಳಿನ ಮೇಲೆ ಪೆಟ್ಟು. ಆದರೆ ಹಾಸ್ಟೆಲ್ಲಿನಲ್ಲಿ ಬಟ್ಟೆ ಒಣಗಿಸುವ ಜಾಗದಲ್ಲಿ, ಸೀರೆ ಚಾದರಗಳ ಮರೆಯಲ್ಲಿ, ಹುಡುಗಿಯರು ತಮ್ಮದೇ ಸನ್ನೆಗಳನ್ನು ಮಾಡಿಕೊಂಡಿದ್ದರು. ಅಲ್ಲಿ ತಂಗಿಗೆ ಸಿಕ್ಕ ಗೆಳತಿ ಮರಾಠಿ ರೈತನೊಬ್ಬನ ಮಗಳು. ಇಬ್ಬರದೂ ಒಂದೇ ವಯಸ್ಸು, ಒಂದೇ ಕೋಣೆ. ತಂಗಿ ಮನೆಯಲ್ಲಿ ಸುಮ್ಮನೆ ಮೂಲೆಯಲ್ಲಿ ಕೂತಿರುವ ಹುಡುಗಿ. ಆ ಗೆಳತಿ ನಮ್ಮ ಮನೆಗೆ ಬಂದ ದಿನ ಮಾತ್ರ ಅವಳ ಕೈಗಳು ನಿಲ್ಲುತ್ತಲೇ ಇರಲಿಲ್ಲ. ಅಷ್ಟು ಮಾತು ಅವಳೊಳಗೆ ಇತ್ತೆಂದು ನನಗೆ ಗೊತ್ತಾದದ್ದು ಹಾಗೆ. ಅವರನ್ನು ನೋಡಿ ನೋಡಿಯೇ ನಾನೂ ಒಂದಿಷ್ಟು ಸನ್ನೆ ಕಲಿತೆ. ಇಲ್ಲಿ ಅವಳ ಮಾತುಗಳನ್ನು ನಮ್ಮ ಮನೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕಿವಿ ಕೇಳಿದ್ದರೆ ಅವಳೂ ಹೀಗೇ ಆಡುತ್ತಿದ್ದಳೆಂದುಕೊಂಡು.

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಪುಣೆಯೊಳಗಿನ ಕೋಥರೂಡಿಗೆ ಬಂದೆವು. ಅದೇ ಸುಮಾರಿಗೆ ಗೆಳತಿಗೆ ಇಂದಾಪುರಕ್ಕೆ ಮದುವೆಯಾಯಿತು. ಗಂಡನಿಗೆ ಅಲ್ಲಿ ಪಂಪು ಮತ್ತು ಪೈಪಿನ ಅಂಗಡಿ. ಅಂಗಡಿಯ ಮೇಲೆಯೇ ಮನೆ. ಕಿವಿ ಕೇಳುವವನು, ಒಳ್ಳೆಯವನು, ಆದರೆ ಸನ್ನೆ ಬಾರದು. ಬೇಕಾದ್ದನ್ನು ಚೀಟಿಯಲ್ಲಿ ಬರೆದು ಕೊಡುತ್ತಿದ್ದ. ತಂಗಿಗೆ ಮದುವೆಯಾಗಲಿಲ್ಲ. ಮನೆಯಲ್ಲೇ ಕುಪ್ಪಸ ಹೊಲಿಯುತ್ತಿದ್ದಳು. ವರ್ಷದಲ್ಲಿ ಎರಡೋ ಮೂರೋ ಸಲ ಎಸ್‌ಟಿ ಬಸ್ಸು ಹತ್ತಿ ಇಂದಾಪುರಕ್ಕೆ ಹೋಗಿ ಬರುವಳು. ಮೊಬೈಲು ಬಂದ ಮೇಲೆ ಸಂದೇಶ ಕಳಿಸುತ್ತಿದ್ದರು. ಆದರೆ ಬರೆಯುವ ಮರಾಠಿ ಇಬ್ಬರಿಗೂ ಎರವಲು ಬಟ್ಟೆಯಂತಿತ್ತು. ಊಟ ಆಯಿತೇ, ಆಯಿತು. ಮಳೆ ಬಂತೇ, ಇಲ್ಲ. ಅಲ್ಲಿಗೆ ಮುಗಿಯುತ್ತಿತ್ತು.

ನಮ್ಮ ಮನೆಗೆ ಕಂಪ್ಯೂಟರು, ಬ್ರಾಡ್‌ಬ್ಯಾಂಡು ಬಂದಾಗ ನಾನು ಒಂದು ವೆಬ್‌ಕ್ಯಾಮೆರಾ ತಂದೆ. ಗೆಳತಿಯ ಗಂಡನ ಅಂಗಡಿಯಲ್ಲೂ ಬಿಲ್ಲು ಮಾಡುವ ಕಂಪ್ಯೂಟರಿತ್ತು. ಅವನಿಗೂ ಒಂದು ಕ್ಯಾಮೆರಾ ಕೊಡಿಸಿದೆ. ಮೊದಲ ದಿನ ಪರದೆಯ ಮೇಲೆ ಮುಖ ಕಂಡು ಇಬ್ಬರೂ ಅತ್ತರು, ಆಮೇಲೆ ಮಾತಿಗೆ ಕೈ ಎತ್ತಿದರು. ಎತ್ತಿದ ಕೈ ಅಲ್ಲಿ ಚೌಕ ಚೌಕವಾಗಿ ಒಡೆದುಹೋಯಿತು.

ಕಿವಿ ಕೇಳುವವರಿಗೆ ಚಿತ್ರ ನಿಂತರೂ ದನಿ ಬಂದರೆ ಸಾಕು. ಇವರಿಗೆ ಚಿತ್ರವೇ ಮಾತು. ನಾನು ಅಂದಿನಿಂದ ಇದರ ಹಿಂದೆ ಬಿದ್ದೆ. ಮನೆಯ ಒಳಕ್ಕೆ ಬರುವ ವೇಗಕ್ಕಿಂತ ಹೊರಗೆ ಹೋಗುವ ವೇಗ ಎಷ್ಟೋ ಕಡಿಮೆ ಎಂದು ತಿಳಿಯಿತು. ನಮ್ಮ ಓಣಿಯಲ್ಲಿ ಯಾರೂ ಅದರ ಗೊಡವೆಗೆ ಹೋಗಿರಲಿಲ್ಲ. ತಂಗಿಯ ಕೈಗಳು ಮನೆಯಿಂದ ಹೊರಗೆ ಹೋಗಬೇಕಿತ್ತು. ಚಿತ್ರವನ್ನು ಚಿಕ್ಕದು ಮಾಡಿದೆ. ಮುಖ ಮಸುಕಾದರೂ ಸರಿ, ಚಲನೆ ಸರಾಗ ಇರಲಿ ಎಂದು ಇಟ್ಟೆ. ಹೂವಿನ ಪರದೆ ತೆಗೆದು ಹಿಂದೆ ಬರೀ ನೀಲಿ ಚಾದರ ಕಟ್ಟಿದೆ. ತಂಗಿ ಆ ಹೊತ್ತಿಗೆ ಬಳೆ ತೆಗೆದಿಡುತ್ತಿದ್ದಳು, ಅಚ್ಚಿಲ್ಲದ ಕಪ್ಪು ಕುಪ್ಪಸ ತೊಡುತ್ತಿದ್ದಳು. ಇಬ್ಬರೂ ನಿಧಾನವಾಗಿ ಮಾತಾಡುವುದನ್ನು ಕಲಿತರು. ಇಂದಾಪುರದಲ್ಲಿ ಕರೆಂಟು ಹೋಗುವ ಹೊತ್ತು ನೋಡಿಕೊಂಡು ಕೂಡುತ್ತಿದ್ದರು. ಆ ಎರಡು ವರ್ಷ ತಂಗಿ ಸುಖವಾಗಿದ್ದಳು.

ಆಮೇಲೆ ಗೆಳತಿಗೆ ಹೊಟ್ಟೆಯಲ್ಲಿ ಕ್ಯಾನ್ಸರ್ ಎಂದು ಗೊತ್ತಾಯಿತು. ಔಷಧಕ್ಕೆ ಪುಣೆಗೆ ಬಂದಾಗೆಲ್ಲ ನಮ್ಮ ಮನೆಯಲ್ಲೇ ಇದ್ದಳು. ಡಾಕ್ಟರು ಹೇಳುವುದನ್ನು ಅವಳ ಗಂಡ ಕೇಳಿಸಿಕೊಂಡು ನನಗೆ ಹೇಳುವನು, ನಾನು ತಂಗಿಗೆ ಹೇಳುವೆನು, ತಂಗಿ ಅವಳಿಗೆ. ಕೊನೆಯ ಸಲ ಡಾಕ್ಟರು, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಆ ಮಾತನ್ನು ತಂಗಿ ಹೇಗೆ ಹೇಳಿದಳೆಂದು ನಾನು ನೋಡಲಿಲ್ಲ. ಹೊರಗೆ ಹೋಗಿ ನಿಂತಿದ್ದೆ.

ತಂಗಿಗೆ ಅವಳ ಜೊತೆ ಇಂದಾಪುರಕ್ಕೆ ಹೋಗಿ ಇರುವ ಆಸೆ. ಆದರೆ ಆ ವರ್ಷವೇ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ನಾನೂ ನನ್ನ ಹೆಂಡತಿಯೂ ಕೆಲಸಕ್ಕೆ ಹೋಗುವವರು. ಹಗಲಲ್ಲಿ ಅವ್ವನನ್ನು ನೋಡುವವಳು ತಂಗಿಯೇ. ಅಂಗಡಿಯಲ್ಲಿದ್ದ ಕಂಪ್ಯೂಟರಿಗೆ ಗೆಳತಿ ಇಳಿದು ಬರುವ ಸ್ಥಿತಿಯಲ್ಲಿರಲಿಲ್ಲ.

"ಅಕೀಗೆ ಕೆಳಗ ಬರಾಕ ಆಗೂದಿಲ್ಲ ಅಣ್ಣಾ," ಎಂದಳು ತಂಗಿ. "ಇಂಟರ್ನೆಟ್ಟ ಮ್ಯಾಲಿನ ಕೋಣಿಗೆ ಹೋಗಬೇಕು. ಅಕಿ ಹಾಸಿಗಿ ತನಾ."

ನನ್ನ ಆಫೀಸಿನವರೊಬ್ಬರು ಹಳೆಯ ಲ್ಯಾಪ್‌ಟಾಪ್ ಕೊಟ್ಟರು. ಒಂದು ವೈರ್‌ಲೆಸ್ ರೌಟರ್ ತೆಗೆದುಕೊಂಡು ಭಾನುವಾರ ಇಂದಾಪುರದ ಬಸ್ಸು ಹತ್ತಿದೆ. ಫೋನಿನ ತಂತಿ ಇದ್ದದ್ದು ಅಂಗಡಿಯಲ್ಲಿ. ಅಲ್ಲಿಂದ ಗೆಳತಿ ಮಲಗಿದ್ದ ಮೇಲಿನ ಕೋಣೆಗೆ ದಪ್ಪ ಸ್ಲ್ಯಾಬು ದಾಟಿ ಸಿಗ್ನಲ್ ಹೋಗಲೇ ಇಲ್ಲ. ತಂತಿ ಉದ್ದ ಮಾಡಿ ರೌಟರನ್ನು ಮೆಟ್ಟಿಲ ತಿರುವಿನ ಗೂಡಿನಲ್ಲಿಟ್ಟೆವು. ಆಗ ಹಾಸಿಗೆಯ ತನಕ ಬಂತು, ಆದರೆ ಆಗಾಗ ಕಡಿಯುತ್ತಿತ್ತು. ಪಕ್ಕದ ಕಟ್ಟಡದ ಕಂಪ್ಯೂಟರ್ ಕ್ಲಾಸಿನ ರೌಟರೂ ಅದೇ ಚಾನೆಲ್ಲಿನಲ್ಲಿತ್ತು. ನಮ್ಮದನ್ನು ಬೇರೆ ಚಾನೆಲ್ಲಿಗೆ ಒಯ್ದೆ. ನಂತರ ಸಾಮಾನ್ಯವಾಗಿ ಯಾರೂ ತೆರೆಯದ ಅಡ್ವಾನ್ಸ್ಡ್ ಪುಟಗಳಿಗೆ ಹೋದೆ. ಯಾರೂ ಬಳಸದಿದ್ದರೆ ಸ್ವಲ್ಪ ಹೊತ್ತಿನಲ್ಲಿ ಸಂಪರ್ಕ ತಾನಾಗಿ ಕಡಿಯಬೇಕು ಎಂದಿತ್ತು. ಅದನ್ನು ತೆಗೆದು ಸದಾ ಜೋಡಿಸಿಯೇ ಇರಲಿ ಎಂದು ಬದಲಿಸಿದೆ. ಇನ್ನೊಂದು ಪುಟದಲ್ಲಿ ಯಾವ ಯಂತ್ರಕ್ಕೆ ಮೊದಲ ಪಾಳಿ ಎಂದು ಹೇಳಬಹುದಿತ್ತು.

ಗೆಳತಿಯ ಗಂಡ ಪಕ್ಕದಲ್ಲಿ ಕೂತು ನೋಡುತ್ತಿದ್ದ. "ಇದೇನು, ದಾದಾ?" ಎಂದು ಮರಾಠಿಯಲ್ಲಿ ಕೇಳಿದ. ದಾದಾ ಎಂದರೆ ಅವರಲ್ಲಿ ಅಣ್ಣ.

"ಮ್ಯಾಲಿನ ಲ್ಯಾಪ್‌ಟಾಪಿಗೆ ಬೇಕಾದಷ್ಟು ಎತ್ತಿಟ್ಟು, ಉಳಿದದ್ದು ಅಂಗಡಿ ಕಂಪ್ಯೂಟರಿಗೆ. ಅಂಗಡಿ ಕೆಲಸ ನಿಧಾನ ಆಗ್ತದ," ಎಂದೆ, ಮರಾಠಿಯಲ್ಲೇ.

"ಆಗಲಿ ಬಿಡಿ," ಎಂದ. "ಎಲ್ಲಾ ಅವಳಿಗೇ ಕೊಡಿ."

ರೌಟರಿಗೂ ಒಂದು ಬ್ಯಾಟರಿ ಕೂಡಿಸಿದ, ಕರೆಂಟು ಹೋದರೂ ನಡೆಯಲೆಂದು. ಕೋಥರೂಡಿನಿಂದಲೇ ಆ ಪುಟಗಳನ್ನು ತೆರೆಯಲು ಬರುವಂತೆ ನಾನು ಒಂದು ಪಾಸ್‌ವರ್ಡ್ ಇಟ್ಟು ಬಂದೆ.

ಅಂದಿನಿಂದ ಮಧ್ಯಾಹ್ನ ಅವ್ವನ ಊಟವಾದ ಮೇಲೆ ತಂಗಿ ಪರದೆಯ ಮುಂದೆ ಕೂಡುತ್ತಿದ್ದಳು. ಏನು ಮಾತಾಡಿದಿರಿ ಎಂದರೆ, ಹಾಸ್ಟೆಲ್ಲಿನ ವಾರ್ಡನ್ ಸುದ್ದಿ, ಗೆಳತಿಯ ಅತ್ತೆಯ ಸಾರಿನ ಸುದ್ದಿ ಹೇಳಿ ನಗುವಳು. ಒಂದು ಭಾನುವಾರ ನಾನು ಮನೆಯಲ್ಲಿದ್ದೆ. ತಂಗಿ ನನ್ನ ತೋಳು ಹಿಡಿದು ಎಳೆದುಕೊಂಡು ಹೋದಳು.

"ಅಕಿ ಬೆರಳು ಕಾಣವಲ್ಲವು. ಚಿತ್ರಾ ದೊಡ್ಡದು ಮಾಡು."

"ದೊಡ್ಡದು ಮಾಡಿದರ ಕೈ ಮತ್ತ ಒಡೀತಾವ. ಮೊದಲ ನೋಡಿಲ್ಲೇನು?"

"ಒಡ್ಯೂದಿಲ್ಲ," ಎಂದಳು. "ಅಕಿ ಕೈ ಈಗ ಜೋರ್ ಆಡೂದಿಲ್ಲ."

ನಾನು ಪರದೆಯ ಕಡೆ ನೋಡಿದೆ. ಗೆಳತಿ ಕೈ ಎತ್ತುತ್ತಿರಲಿಲ್ಲ. ಎದೆಯ ಮೇಲೆ ಇಟ್ಟುಕೊಂಡು ಬೆರಳುಗಳನ್ನಷ್ಟೇ ಅಲುಗಿಸುತ್ತಿದ್ದಳು. ಆ ಮನೆಗೆ ಫೋನು ಮಾಡಿ, ಅವಳ ಗಂಡನಿಂದ ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಬದಲು ಮಾಡಿಸಿದೆ. ಚಲನೆ ಕಡಿಮೆ, ಚಿತ್ರ ದೊಡ್ಡದು, ಸ್ಪಷ್ಟ. ಮುಖ ಈಗ ಚೆನ್ನಾಗಿ ಕಂಡಿತು. ಅಷ್ಟು ಚೆನ್ನಾಗಿ ಕಾಣಬಾರದಿತ್ತು ಎನಿಸಿತು ನನಗೆ. ತಂಗಿ ಮಾತ್ರ ಕುರ್ಚಿ ಮುಂದಕ್ಕೆ ಎಳೆದುಕೊಂಡಳು. ಆಮೇಲಿನ ವಾರಗಳಲ್ಲಿ ಹೆಚ್ಚಾಗಿ ಮಾತಾಡುತ್ತಿದ್ದವಳು ಇವಳೇ. ಅವಳು ಕಣ್ಣು ಮುಚ್ಚಿ ತೆರೆದು ಹೌದು ಅಲ್ಲ ಅನ್ನುತ್ತಿದ್ದಳು.

ಗೆಳತಿ ಹೋದ ದಿನ ನಾನು ಆಫೀಸಿನಲ್ಲಿದ್ದೆ. ನಡೆದದ್ದನ್ನು ಸಂಜೆ ಅವ್ವ ಹೇಳಿದಳು, ಪರದೆಯ ಮೇಲಿನದನ್ನು ತಂಗಿ. ತಂಗಿ ಎಂದಿನಂತೆ ಕೂತಾಗ ಪರದೆಯ ಮೇಲೆ ಗೆಳತಿ ಇರಲಿಲ್ಲ. ಲ್ಯಾಪ್‌ಟಾಪನ್ನು ಯಾರೋ ಪಕ್ಕಕ್ಕೆ ಸರಿಸಿದ್ದರು, ಕಿಟಕಿಯ ಸರಳು ಮಾತ್ರ ಕಾಣುತ್ತಿತ್ತು. ಸ್ನಾನ ಮಾಡಿಸುತ್ತಿರಬೇಕು ಎಂದುಕೊಂಡು ಇವಳು ಕಾಯುತ್ತ ಕೂತಳು. ಕಂಪ್ಯೂಟರಿನ ಸ್ಪೀಕರು ಯಾವಾಗಲೂ ಹಚ್ಚಿಯೇ ಇರುತ್ತಿತ್ತು. ಅದನ್ನು ಆರಿಸಬೇಕೆಂದು ಅವಳಿಗೆ ಹೊಳೆಯುವ ಕಾರಣವಿರಲಿಲ್ಲ.

"ಒಳಗ ಮಲಗಿದ್ದೆ," ಎಂದಳು ಅವ್ವ. "ಆ ಮಷೀನಿನ್ಯಾಗಿಂದ ಹೆಣ್ಮಕ್ಕಳು ಅಳೋದು ಕೇಳಸ್ತು. ಒಬ್ಬಾಕಿ ಅಲ್ಲ, ಮೂರು ನಾಕು ಮಂದಿ. ಮನಿ ತುಂಬಾ ಆ ದನಿ. ಬಾಗಿಲದಾಗಿಂದ ನೋಡಿದ್ರ ಇಕಿ ಅದರ ಮುಂದ ಗದ್ದಕ್ಕ ಕೈ ಹಚ್ಚಿ ಕುಂತಾಳ, ನಗು ಮಾರಿ ಮಾಡ್ಕೊಂಡು."

ಅವ್ವನ ಮಂಚದ ಬಳಿ ನಾವು ಒಂದು ಸ್ವಿಚ್ಚು ಹಾಕಿಸಿದ್ದೆವು. ಒತ್ತಿದರೆ ಹೊರಗಿನ ಕೋಣೆಯಲ್ಲಿ ಕೆಂಪು ಬಲ್ಬು ಹತ್ತುತ್ತದೆ, ತಂಗಿ ಎದ್ದು ಬರುತ್ತಾಳೆ.

"ಸ್ವಿಚ್ಚಿನ ಮ್ಯಾಲೆ ಕೈ ಇಟ್ಟೆ," ಎಂದಳು. "ಕರದು ಏನಂತ ಹೇಳ್ಲಿ? ಇನ್ನೊಂದು ಸ್ವಲ್ಪ ಹೊತ್ತು ಹಂಗ ಕುಂದರಲಿ ಅನಸ್ತು. ಒತ್ತಲಿಲ್ಲ."

ಕೊನೆಗೆ ತಂಗಿಗೆ ಹೇಳಿದವನು ಗೆಳತಿಯ ಗಂಡ. ಯಾವಾಗಲೋ ಅವನಿಗೆ ಲ್ಯಾಪ್‌ಟಾಪಿನ ನೆನಪಾಯಿತು. ತಿರುಗಿಸಿ ಅದರ ಮುಂದೆ ಕೂತ. ಚೀಟಿ ಬರೆಯಲಿಲ್ಲ. ಎರಡು ಕೈ ಜೋಡಿಸಿ ಕೆನ್ನೆಯ ಕೆಳಗಿಟ್ಟು ಮಲಗಿದಳು ಎಂದ. ಆಮೇಲೆ ಅಂಗೈ ಬಿಚ್ಚಿ ಖಾಲಿ ತೋರಿಸಿದ. ತಂಗಿ ಅವನಿಗೆ ಏನೇನೋ ಕೇಳಿದಳು, ನೋವಾಯಿತೇ, ನನ್ನನ್ನು ಕೇಳಿದಳೇ ಎಂದು. ಅವಳ ಕೈಗಳು ಬಹಳ ಜೋರಾಗಿ ಆಡಿದವು. ಅವನಿಗೆ ಒಂದೂ ತಿಳಿಯಲಿಲ್ಲ. ತಲೆ ಅಲ್ಲಾಡಿಸುತ್ತ ಕೂತ.

ನಾನೂ ತಂಗಿಯೂ ಅಂದೇ ಹೊರಟೆವು. ನಾವು ಬರುವ ತನಕ ಹೆಣ ತೆಗೆಯಕೂಡದೆಂದು ಅವನು ಎಲ್ಲರಿಗೂ ಹೇಳಿದ್ದನಂತೆ. ಹೆಂಗಸರು ಜಾಗ ಬಿಟ್ಟರು. ತಂಗಿ ಬಗ್ಗಿ ಗೆಳತಿಯ ಮುಖದ ಮುಂದೆ ಒಂದೇ ಒಂದು ಸನ್ನೆ ಮಾಡಿದಳು, ಚಿಕ್ಕದು. ಅದು ಅವರಿಬ್ಬರದೇ ಸನ್ನೆ. ನನಗೆ ಗೊತ್ತಿರಲಿಲ್ಲ, ನಾನು ಕೇಳಲೂ ಇಲ್ಲ.

ಎಷ್ಟೋ ದಿನ ತಂಗಿ ಹೊಲಿಗೆ ಮುಟ್ಟಲಿಲ್ಲ. ಅವ್ವನ ಕೆಲಸವೆಲ್ಲ ಮಾಡುವಳು, ಉಣ್ಣುವಳು, ಮಲಗುವಳು. ಕೈಗಳನ್ನು ಮಾತ್ರ ಮಡಿಲಲ್ಲಿಟ್ಟುಕೊಂಡು ಕೂತಿರುವಳು. ನಾನು ಏನಾದರೂ ಸನ್ನೆ ಮಾಡಿದರೆ ತುಟಿ ಅಲುಗಿಸಿ ಮರಾಠಿಯಲ್ಲಿ ಒಂದು ಶಬ್ದದ ಉತ್ತರ ಕೊಡುತ್ತಿದ್ದಳು. ಅವಳ ಬಾಯಿಂದ ಬರುವ ಆ ದನಿ ಅವ್ವನಿಗೆ ಸಹಿಸಲಾಗುತ್ತಿರಲಿಲ್ಲ.

ಬೇಸಿಗೆ ಹತ್ತಿರ ಬಂದಾಗ ಒಂದು ಸಂಜೆ ಇಂದಾಪುರದಿಂದ ಫೋನು ಬಂತು. ಗೆಳತಿಯ ಗಂಡ ಮಾತಾಡಲು ಹಿಂಜರಿಯುತ್ತಿದ್ದ.

"ಏನಿಲ್ಲ ದಾದಾ. ಪಂಪಿನ ಸೀಜನ್ ಶುರುವಾಯ್ತು. ಅಂಗಡಿ ಕಂಪ್ಯೂಟರು ಬಹಳ ನಿಧಾನ. ಗಿರಾಕಿ ನಿಲ್ಲೋದಿಲ್ಲ. ಅವತ್ತು ನೀವು ಮೊದಲ ಪಾಳಿ ಅಂತ ಇಟ್ಟಿದ್ದಿರಲ್ಲ..." ಎಂದು ನಿಲ್ಲಿಸಿದ. "ಲ್ಯಾಪ್‌ಟಾಪ್ ಇನ್ನೂ ಮೇಲೇ ಇದೆ. ಹಚ್ಚಿಯೇ ಇಟ್ಟಿದ್ದೀನಿ, ಆರಿಸಿಲ್ಲ."

ಫೋನು ಕಿವಿಗೆ ಹಿಡಿದುಕೊಂಡೇ ಕಂಪ್ಯೂಟರಿನ ಮುಂದೆ ಕೂತು ಇಂದಾಪುರದ ರೌಟರಿನ ಪುಟ ತೆರೆದೆ. ತಂಗಿ ಹಿಂದೆ ಬಂದು ನಿಂತಿದ್ದು ಪರದೆಯ ಗಾಜಿನಲ್ಲಿ ಕಂಡಿತು. ಯಾರದು ಎಂದು ಹುಬ್ಬಿನಲ್ಲೇ ಕೇಳಿದಳು. ಹೇಳಿದೆ. ಯಾಕೆ ಎಂಬುದನ್ನೂ ಹೇಳಿದೆ. ಅವಳು ಬಗ್ಗಿ ಆ ಪುಟವನ್ನು ನೋಡಿದಳು.

"ತಗದ್ ಬಿಡು," ಎಂದಳು. ಎಷ್ಟೋ ದಿನದ ಮೇಲೆ ಕೈಯಲ್ಲಿ ಆಡಿದ ಮಾತು ಅದು.

ತೆಗೆದೆ. ಅಲ್ಲಿಯ ರೌಟರು ಆರಿ ಮತ್ತೆ ಹತ್ತುವುದಕ್ಕೆ ಒಂದಿಷ್ಟು ಹೊತ್ತು ಬೇಕಾಯಿತು. ಮೂವರೂ ಕಾದೆವು.

"ಬಂತು, ದಾದಾ. ಈಗ ಬೇಗ ಬರ್ತಿದೆ," ಎಂದು ಅವನು ಹೇಳಿದ.

ನಾನು ಫೋನು ಇಡುವವನಿದ್ದೆ. ತಂಗಿ ನನ್ನ ಹೆಗಲು ತಟ್ಟಿದಳು.

"ಅಂವ ಊಟಾ ಮಾಡ್ಯಾನೇನು ಕೇಳು."

ಕೇಳಿದೆ. ಇಲ್ಲ, ಅಂಗಡಿ ಮುಚ್ಚಿದ ಮೇಲೆ ನೋಡಬೇಕು ಎಂದ. ಅದನ್ನು ಅವಳಿಗೆ ಹೇಳಿದೆ.

"ಹೊತ್ತಾಗೇದ," ಎಂದಳು. "ಮೊದಲ ಉಣ್ಣಂತ ಹೇಳು."