ರವಿಕೆಯೊಳಗೆ ಬಿಟ್ಟ ಬಟ್ಟೆ

ದೀಪ ಹಚ್ಚುವ ಪಾಳಿ ನನಗೆ ಬರುವುದು ನಿಂತುಹೋಗಿತ್ತು. ನನಗೆ ಮೊದಲ ಅನುಮಾನ ಬಂದದ್ದು ಅದರಿಂದಲೇ.

ಯಜಮಾನರು ಹೋದ ಮೇಲೆ ದೇವರ ಮನೆಯ ದೀಪ ಸೊಸೆಯ ಕೆಲಸ. ನಾನು ಹಚ್ಚಬಾರದೆಂದು ಯಾರೂ ಹೇಳಿಲ್ಲ, ಹಾಗೆ ಹೇಳುವ ಧೈರ್ಯವೂ ಈ ಮನೆಯಲ್ಲಿ ಯಾರಿಗೂ ಇಲ್ಲ. ಬೆಳಗಿನ ಥಂಡಿಗೆ ಮಂಡಿ ಬಗ್ಗುವುದಿಲ್ಲ, ಅಷ್ಟೆ. ತಿಂಗಳಲ್ಲಿ ಮೂರು ನಾಲ್ಕು ದಿನ ಮಾತ್ರ ಅವಳು ಬಾಗಿಲಲ್ಲೇ ನಿಂತು, "ಅತ್ತೆ, ಇವತ್ತು ನೀವು" ಎನ್ನುತ್ತಿದ್ದಳು. ಈ ಕಾಲದಲ್ಲೂ ಇದೇನು ಎಂದು ನನ್ನ ಕಾನ್ವೆಂಟ್ ಗೆಳತಿಯರು ಕೇಳಿಯಾರು. ನಾನೂ ಅವಳಿಗೆ ಹೇಳಿದ್ದೆ, "ನೋಡಮ್ಮ, ನನಗೋಸ್ಕರ ಈ ನೇಮ ಇಟ್ಟುಕೋಬೇಡ, ಐ ಡೋಂಟ್ ಮೈಂಡ್" ಅಂತ. ಅವಳು ನಕ್ಕು, "ಇರಲಿ ಬಿಡಿ ಅತ್ತೆ, ಆ ನಾಲ್ಕು ದಿನ ಬೆಳಿಗ್ಗೆ ಇನ್ನೊಂದು ಗಳಿಗೆ ಮಲಗಬಹುದಲ್ಲ" ಅಂದಿದ್ದಳು.

ಅಂಥವಳು ಕಳೆದ ಸಲ ಕಾಫಿ ಹಣ್ಣು ಕುಯ್ಯುವ ಕಾಲದಲ್ಲಿ ಒಂದು ದಿನವೂ ಬಿಡದೆ ದೀಪ ಹಚ್ಚುತ್ತಲೇ ಇದ್ದಳು. ಮುಖ ತುಂಬಿಕೊಂಡಿತ್ತು. ಬಳೆ ಕೈಯಲ್ಲಿ ಸರಿದಾಡುತ್ತಿರಲಿಲ್ಲ. ಮದುವೆಯಾಗಿ ಆಗಲೇ ವರ್ಷ ಕಳೆದಿತ್ತು. ಹೊಂಗಡಹಳ್ಳದ ಕಡೆಯ ಈ ಸಣ್ಣ ತೋಟದ ಮನೆಯಲ್ಲಿ ಇದನ್ನೆಲ್ಲ ಕೂಡಿಸಿ ನೋಡಲು ಪಂಡಿತರು ಬೇಕೆ?

ಆದರೆ ನಮ್ಮ ಕಡೆ ಇಂಥದ್ದನ್ನು ಬಾಯಿಬಿಟ್ಟು ಕೇಳುವುದಿಲ್ಲ. ಕೇಳಿದರೆ ದೃಷ್ಟಿ ತಾಗುತ್ತದೆ ಅಂತ. ಅವರಾಗಿ ಹೇಳುವ ತನಕ ಗೊತ್ತಿಲ್ಲದವರ ಹಾಗೆ ಇದ್ದು, ತಿನ್ನಲು ಮಾತ್ರ ತಂದು ತಂದು ಕೊಡುವುದು. ಅಡುಗೆಯವಳು ಟೇಬಲ್ ಮೇಲಿದ್ದ ಪರಂಗಿ ಹಣ್ಣನ್ನು ಒಂದು ದಿನ ಸದ್ದಿಲ್ಲದೆ ಎತ್ತಿಕೊಂಡು ಹೋದಳು. ಸೊಸೆಯ ಅಕ್ಕಿರೊಟ್ಟಿಯ ಮೇಲೆ ಬೆಣ್ಣೆಯ ಉಂಡೆ ದಪ್ಪವಾಯಿತು. ಅನ್ನಕ್ಕೆ ತುಪ್ಪ ಎರಡು ಸಲ ಬೀಳತೊಡಗಿತು. ನಾನಂತೂ ಸಕಲೇಶಪುರದಿಂದ ಹಳದಿ ಉಲ್ಲನ್ ತರಿಸಿ, ಕಾನ್ವೆಂಟಿನ ಸಿಸ್ಟರ್ ಒಬ್ಬರು ಬೆರಳಿಗೆ ಬಡಿದು ಕಲಿಸಿದ್ದ ನಿಟ್ಟಿಂಗ್ ಅನ್ನು ಮತ್ತೆ ಶುರು ಮಾಡಿದೆ. ಗಂಡಾದರೂ ಹೆಣ್ಣಾದರೂ ಹಳದಿ ನಡೆಯುತ್ತದೆ.

ಅವಳು ಆಲೂರು ಕಡೆಯ ರೈತರ ಮನೆಯ ಮಗಳು. ಸಕಲೇಶಪುರದಲ್ಲಿ ಬಿ.ಎಡ್. ಓದುತ್ತಿದ್ದಳು, ಎರಡನೆಯ ವರ್ಷ. ದಿನಾ ಬೆಳಿಗ್ಗೆ ಗೇಟಿನ ಹತ್ತಿರ ಬಸ್ಸು ಹತ್ತುವಳು. ಓದು ಮುಗಿಸುತ್ತೇನೆ, ಟೀಚರ್ ಆಗುತ್ತೇನೆ ಎಂದು ಹೆಣ್ಣು ನೋಡಲು ಹೋದ ದಿನವೇ ಹೇಳಿದ್ದಳು. ನನಗೆ ಅವಳು ಹಿಡಿಸಿದ್ದೇ ಆ ಮಾತಿಗೆ.

ಒಂದು ಮಧ್ಯಾಹ್ನ ಅವಳು ಕಾಲೇಜಿನಿಂದ ಬೇಗ ಬಂದವಳು, ಕಾಫಿ ಮೂಟೆ ತೂಗುವ ಸ್ಟೋರಿಗೆ ಹೋಗಿ, ಯಾರೂ ಇಲ್ಲವೆಂದುಕೊಂಡು ತಕ್ಕಡಿಯ ಹಲಗೆಯ ಮೇಲೆ ನಿಂತಳಂತೆ. ಮೂಟೆಗಳ ಹಿಂದೆ ತೋಟದ ಲೆಕ್ಕ ಬರೆಯುವ ರೈಟರ್ ಕುಳಿತಿದ್ದ. ಸಂಜೆಯೊಳಗೆ ಸುದ್ದಿ ಆಳುಗಳ ಲೈನ್ ಮನೆಗಳನ್ನೆಲ್ಲ ಮುಟ್ಟಿತು. ಕಣದಲ್ಲಿ ಹಣ್ಣು ಹರಡುತ್ತಿದ್ದ ಹೆಂಗಸರ ಮಾತು ನನ್ನ ಕಿಟಕಿಗೇ ಕೇಳುತ್ತಿತ್ತು.

"ಚಿಕ್ಕಮ್ಮೋರು ತೂಕ ನೋಡ್ಕಂಡ್ರಂತೆ ಕಣೆ."

"ಹ್ಞೂ ಮತ್ತೆ, ಅಂಗನವಾಡೀಲೂ ಬಸುರೀರನ್ನೇ ಅಲ್ವಾ ತೂಗೋದು."

"ಮೂಟೆ ತಕ್ಕಡೀಲಿ ತೂಗಿದ್ರೆ ಮೂಟೆಯಂಥ ಮಗೀನೇ ಆಯ್ತದೆ ಬುಡು!"

ನಾನು ಒಬ್ಬಳೇ ಕುಳಿತು ನಕ್ಕೆ. ಎರಡು ಸಾಲು ಹೆಚ್ಚಾಗಿ ಹೆಣೆದೆ.

ಆಮೇಲಿನ ಭಾನುವಾರ ಹೆತ್ತೂರಿನಿಂದ ನನ್ನ ನಾದಿನಿ, ಎಂದರೆ ಯಜಮಾನರ ತಂಗಿ, ಜೀಪು ಮಾಡಿಕೊಂಡು ಬಂದಳು. ಬುಟ್ಟಿ ತುಂಬ ಕರ್ಜಿಕಾಯಿ, ಚಕ್ಕುಲಿ, ಎಳ್ಳುಂಡೆ. ಅದರ ಮೇಲೆ ಹಸಿರು ಬಳೆ, ಹಸಿರು ರವಿಕೆ ಕಣ, ತೆಂಗಿನಕಾಯಿ. ಬಸುರಿಯ ಬಯಕೆ ತೀರಿಸುವ ಬುಟ್ಟಿ ಎಂದು ಯಾರಾದರೂ ಹೇಳಿಯಾರು.

"ಸೊಸೆ ಎಲ್ಲವ್ಳೆ ಅತ್ತಿಗೆ? ಮನಗವ್ಳಾ? ಮನಗ್ಲಿ ಬುಡಿ, ಏಳಿಸ್ಬ್ಯಾಡಿ. ನಾನೇನೂ ಕೇಳಕ್ ಬಂದಿಲ್ಲ, ಸುಮ್ನೆ ಬಂದೆ."

ಸುಮ್ಮನೆ ಬಂದವಳ ಬುಟ್ಟಿ ಎತ್ತಲು ಇಬ್ಬರು ಬೇಕಾದರು.

ನಾನು ಸೊಸೆಯ ಕೋಣೆಗೆ ಹೋದೆ. ಅವಳು ಮಲಗಿರಲಿಲ್ಲ. ಮಾರನೆಯ ದಿನದಿಂದ ಅವಳು ಒಂದು ಹೈಸ್ಕೂಲಿನಲ್ಲಿ ಪಾಠ ಮಾಡಬೇಕಿತ್ತು, ಟೀಚಿಂಗ್ ಪ್ರ್ಯಾಕ್ಟೀಸ್. ಅದಕ್ಕೆ ಕಾಲೇಜಿನವರದೇ ಯೂನಿಫಾರ್ಮ್ ಸೀರೆ, ಹಸಿರು ಬ್ಲೌಸು. ಆ ಬ್ಲೌಸನ್ನು ತೊಟ್ಟು ಮಂಚದ ಮೇಲೆ ಕುಳಿತಿದ್ದಳು. ಹುಕ್ಕುಗಳು ಒಂದಕ್ಕೊಂದು ಮುಟ್ಟುತ್ತಿರಲಿಲ್ಲ. ಕಣ್ಣು ಕೆಂಪಾಗಿತ್ತು.

"ನಾಳೆ ಹೋಗಲ್ಲ ಅತ್ತೆ. ಪಿನ್ ಹಾಕ್ಕೊಂಡು ಬೋರ್ಡ್ ಮೇಲೆ ಹೆಂಗೆ ಕೈ ಎತ್ತಿ ಬರೀಲಿ? ಎಲ್ಲಾ ಆ ಇಂಜೆಕ್ಷನ್ನಿಂದಲೇ. ಈ ಸಲ ಹಾಕಿಸಲ್ಲ. ಬಿಟ್ಬಿಡ್ತೀನಿ."

"ಯಾವ ಇಂಜೆಕ್ಷನ್?"

ಅವಳು ನನ್ನನ್ನೇ ನೋಡಿದಳು. "ನಿಮ್ಮ ಮಗ ಹೇಳಲಿಲ್ವಾ?"

ನನ್ನ ಮಗ ಮನೆಗೆ ಬೆಂಕಿ ಬಿದ್ದರೂ ಊಟ ಮುಗಿಸಿ ಹೇಳುವವನು. ಅವಳೇ ಹೇಳಿದಳು. ಓದು ಮುಗಿಯುವ ತನಕ ಮಗು ಬೇಡವೆಂದು ಇಬ್ಬರೂ ಸೇರಿ ತೀರ್ಮಾನಿಸಿದ್ದರು. ಆಸ್ಪತ್ರೆಯಲ್ಲಿ ಮೂರು ತಿಂಗಳಿಗೊಮ್ಮೆ ಒಂದು ಇಂಜೆಕ್ಷನ್ ಹಾಕಿಸಿಕೊಳ್ಳುತ್ತಿದ್ದಳು. ಅದರಿಂದ ಕೆಲವರಿಗೆ ಮುಟ್ಟು ನಿಲ್ಲುತ್ತದೆ, ಹೆದರಬೇಡ ಎಂದು ಅಲ್ಲಿ ಮೊದಲೇ ಹೇಳಿದ್ದರು. ತೂಕದ ಮಾತನ್ನೂ ಹೇಳಿದ್ದರು, ಇವಳು ಅಷ್ಟಾಗಿ ಕಿವಿಗೆ ಹಾಕಿಕೊಂಡಿರಲಿಲ್ಲ.

"ಹಸಿವು ತಡೆಯಕ್ಕಾಗಲ್ಲ ಅತ್ತೆ. ಅದರ ಮೇಲೆ ಮನೇಲಿ ಎಲ್ಲರೂ ಯಾಕೆ ನನ್ನ ತಟ್ಟೆಗೇ ತುಪ್ಪ ಸುರೀತಾರೆ? ದಪ್ಪ ಆಗಿದ್ದೀನಿ ಅಂತ ಆಡ್ಕೊಳ್ಳಕ್ಕಾ?"

"ಅಲ್ಲಮ್ಮ," ಅಂದೆ. "ನೀನು ಬಸುರಿ ಅಂದುಕೊಂಡಿದ್ದೀವಿ."

ಅವಳ ಬಾಯಿ ತೆರೆದೇ ಇತ್ತು. "ಯಾರು ಯಾರು?"

"ಎಲ್ಲರೂ. ಲೈನಿನವರೂ, ಹೆತ್ತೂರಿನವರೂ. ಹಜಾರದಲ್ಲಿ ಬಳೆ ಬಂದು ಕೂತಿದೆ."

"ನೀವೂನಾ?"

ನಾನು ನಿಟ್ಟಿಂಗ್ ಚೀಲ ತಂದು ತೋರಿಸಿದೆ. ಅಂಗೈಯಗಲದ ಆ ಹಳದಿ ತುಂಡನ್ನು ನೋಡಿ ಅವಳಿಗೆ ನಗುವೂ ಬಂತು, ಅಳುವೂ ಬಂತು. ಆಮೇಲೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಸವರಿದಳು.

"ಇಷ್ಟೆಲ್ಲ ಆಸೆ ಇಟ್ಕೊಂಡಿದ್ದೀರಾ. ಹಂಗಾದ್ರೆ ಆಗೇ ಬಿಡ್ಲಿ ಅತ್ತೆ. ಇಂಜೆಕ್ಷನ್ ಬಿಟ್ರೆ ಮೈಯೂ ಇಳೀತದೆ, ನಿಮಗೂ ಸಂತೋಷ. ಬಿ.ಎಡ್. ಎಲ್ಲಿಗೆ ಹೋಗ್ತದೆ, ಆಮೇಲೆ ನೋಡಿದ್ರಾಯ್ತು."

ಸುಳ್ಳೇಕೆ ಹೇಳಲಿ, ಆ ಕ್ಷಣಕ್ಕೆ ನನ್ನ ಮನಸ್ಸು ಒಂದು ಸಲ ಕುಣಿಯಿತು. ಈ ವಯಸ್ಸಿನಲ್ಲಿ ಈ ಮನೆಯ ತೊಟ್ಟಿಲು ತೂಗುವ ಆಸೆ ಯಾರಿಗಿಲ್ಲ? ನಾನು ಸುಮ್ಮನೆ ಇದ್ದಿದ್ದರೂ ಸಾಕಿತ್ತು, ಮಿಕ್ಕದ್ದು ತಾನಾಗಿ ನಡೆದುಹೋಗುತ್ತಿತ್ತು. ಆಮೇಲೆ ನೋಡಿದರಾಯಿತು ಎಂದ ಯಾವ ಹುಡುಗಿಯೂ ಆಮೇಲೆ ಪುಸ್ತಕ ತೆರೆದದ್ದನ್ನು ಈ ಸೀಮೆಯಲ್ಲಿ ನಾನು ಕಂಡಿಲ್ಲ.

ಆಗ ನನಗೆ ನೆನಪಾದದ್ದು ನನ್ನ ಅತ್ತೆ.

ಮೊದಲನೆಯವಳು, ನನ್ನ ಮಗಳು, ಹುಟ್ಟಿದ ಮೇಲೆ ನಾನು ಬಹಳ ಸೊರಗಿದ್ದೆ. ಯಜಮಾನರು ಪೇಟೆಯ ಲೇಡಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ಸದ್ಯಕ್ಕೆ ಇನ್ನೊಂದು ಬಸುರು ನಿಲ್ಲದಿರಲೆಂದು ಅವರು ಕೊಟ್ಟ ಮಾತ್ರೆಯನ್ನು ಬಿಸ್ಕೆಟ್ ಡಬ್ಬಿಯಲ್ಲಿ ಬಚ್ಚಿಟ್ಟು ದಿನಾ ನುಂಗುತ್ತಿದ್ದೆ. ಆ ಕಾಲದ ಮಾತ್ರೆ ಬಲು ಸ್ಟ್ರಾಂಗ್. ಬೆಳಿಗ್ಗೆ ಎದ್ದರೆ ಓಕರಿಕೆ, ಕೈಕಾಲು ಊದಿದಂತೆ. ಮದುವೆಯಲ್ಲಿ ಗಳುವಿನಂತಿದ್ದವಳು ವರ್ಷದಲ್ಲಿ ಗಡಿಗೆಯಂತಾದೆ. ಕಾನ್ವೆಂಟಿನ ಹುಡುಗಿ, ವೇಸ್ಟ್‌ಲೈನ್ ಬಗ್ಗೆ ಹೆಮ್ಮೆ ಬೇರೆ! ಕನ್ನಡಿಗೆ ಬಟ್ಟೆ ಮುಚ್ಚಿಟ್ಟಿದ್ದೆ.

ಅತ್ತೆಯವರು ಏನೂ ಕೇಳಲಿಲ್ಲ. ಒಂದು ಸಂಜೆ ನನ್ನ ರವಿಕೆಗಳನ್ನೆಲ್ಲ ತರಿಸಿಕೊಂಡು ಜಗಲಿಯ ಬೆಳಕಿನಲ್ಲಿ ಕುಳಿತರು. ನಮ್ಮ ಕಾಲದ ರವಿಕೆಗಳಲ್ಲಿ ಪಕ್ಕದ ಹೊಲಿಗೆಯ ಒಳಗೆ ಎರಡು ಬೆರಳಗಲ ಬಟ್ಟೆ ಬಿಟ್ಟು ಹೊಲಿಯುತ್ತಿದ್ದರು, ಒಂದರ ಪಕ್ಕ ಒಂದು ಮೂರು ಹೊಲಿಗೆ. ಅವರು ಬ್ಲೇಡಿನ ತುದಿಯಿಂದ ಒಂದೊಂದೇ ಹೊಲಿಗೆ ಬಿಚ್ಚಿದರು. ನಾನು ಬಾಗಿಲಲ್ಲಿ ನಿಂತು ಅಳುತ್ತಿದ್ದೆ.

"ಯಾಕವ್ವ ಅಳ್ತೀಯೆ? ಮೈ ಹೆಚ್ಕಂಡ್ರೆ ಬಟ್ಟೆ ಬಿಚ್ಕಬೇಕು ಕಣವ್ವ. ಮೈಯ ಹೊಲಿಯಕ್ಕಾಯ್ತದಾ?"

ನೆಂಟರು ಯಾರಾದರೂ ನನ್ನ ಹೊಟ್ಟೆಯನ್ನು ನೋಡಿ ಮುಗುಳ್ನಕ್ಕರೆ, "ನಮ್ಮನೆ ಅನ್ನ ಹಿಡಿಸೈತೆ, ಅದಕ್ಕೇ" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದರು. ಡಬ್ಬಿಯ ವಿಷಯ ಅವರಿಗೆ ಗೊತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಮೈ ನನಗೆ ವಾಪಸ್ಸು ಬರುವ ತನಕ ನನ್ನನ್ನು ಯಾರೂ ಅವಸರ ಮಾಡಲಿಲ್ಲ. ಎಷ್ಟೋ ವರ್ಷದ ಮೇಲೆ, ನಾನು ಬೇಕೆಂದಾಗ, ಈ ಮಗ ಹುಟ್ಟಿದ.

ನಾನು ಸೊಸೆಯ ತೊಡೆಯ ಮೇಲಿದ್ದ ಉಲ್ಲನ್ ತೆಗೆದುಕೊಂಡೆ. "ಇದು ನನ್ನ ಆಸೆ, ನಿನ್ನ ತಲೆಗೆ ಕಟ್ಟೋದಲ್ಲ. ನೀನು ಓದು ಮುಗಿಸು. ಇಂಜೆಕ್ಷನ್ ಬೇಡ ಅನ್ನಿಸಿದ್ರೆ ಡಾಕ್ಟರ್ ಹತ್ರ ಹೋಗಿ ಬೇರೆ ಏನಿದೆ ಅಂತ ಕೇಳೋಣ. ಸುಮ್ಮನೆ ಬಿಟ್ಟುಬಿಡೋದಲ್ಲ. ಈಗ ಆ ಬ್ಲೌಸ್ ಬಿಚ್ಚಿ ಕೊಡು, ಸಡಿಲ ಮಾಡ್ತೀನಿ."

ದೊಡ್ಡದಾಗಿ ಹೇಳಿದೆನೇ ಹೊರತು, ಒಳಗೆ ಮಗುಚಿ ನೋಡಿದರೆ ಅದು ರೆಡಿಮೇಡ್. ಬಿಡಿಸಲು ಒಂದು ನೂಲಿನಗಲವೂ ಬಟ್ಟೆಯಿಲ್ಲ. ಅಷ್ಟರಲ್ಲಿ ನಾದಿನಿ ಬಾಗಿಲಿಗೆ ಬಂದು ನಿಂತಿದ್ದಳು.

"ಏನತ್ತಿಗೆ ಅದು, ಬಾಣಂತಿ ರವಿಕೆನಾ?"

ನಾನು ಏನೋ ಹೇಳಿ ಸಾಗಹಾಕೋಣವೆಂದಿದ್ದೆ. ಸೊಸೆ ಸೆರಗು ಹೊದ್ದು ಎದ್ದು ನಿಂತಳು. "ಹೆತ್ತೂರತ್ತೆ, ನಾನು ಬಸುರಿ ಅಲ್ಲ. ಓದು ಮುಗಿಯೋವರ್ಗೂ ಮಕ್ಕಳು ಬೇಡ ಅಂತ ಇಂಜೆಕ್ಷನ್ ತಗೊಂಡಿದ್ದೆ. ಅದಕ್ಕೇ ದಪ್ಪ ಆಗಿದ್ದೀನಿ."

ನಾದಿನಿ ನನ್ನ ಮುಖ ನೋಡಿದಳು. ಸೊಸೆಯ ಮುಖ ನೋಡಿದಳು. ಹೊರಗೆ ಹಜಾರದಲ್ಲಿದ್ದ ಬುಟ್ಟಿಯ ಕಡೆ ನೋಡಿದಳು.

"ಅಯ್ಯೋ ನಿನ್ನ! ಎಲ್ಡು ದಿನ ಒಲೆ ಮುಂದೆ ಬೆಂದೋಗಿವ್ನಲ್ಲೆ! ಕರ್ಜಿಕಾಯ ಏನ್ ಮಾಡಾದು ಈಗ?"

"ತಿನ್ನೋದು," ಅಂದೆ ನಾನು.

"ಇವ್ಳಿಗೆ ಕೊಡ್ಬ್ಯಾಡಿ ಮತ್ತೆ," ಅಂದಳು ನಾದಿನಿ. ಅಲ್ಲಿಗೆ ಮೂವರೂ ನಕ್ಕೆವು, ಅಡುಗೆಯವಳು ಬಂದು ಇಣುಕುವಷ್ಟು. ಆಮೇಲೆ ನಾದಿನಿ ದನಿ ತಗ್ಗಿಸಿ ಸೊಸೆಗೆ ಹೇಳಿದ್ದು ನನಗೂ ಕೇಳಿಸಿತು. "ನಂಗೂ ಹಿಂಗ್ ಬಾಯ್ಬುಟ್ಟು ಹೇಳಕ್ ಬಂದಿದ್ರೆ, ಒಂದರ ಹಿಂದೆ ಒಂದು ಹಡ್ಕಂಡು ಆ ಪಾಟಿ ಸೋತೋಯ್ತಿರ್ಲಿಲ್ಲ ಕಣವ್ವ." ಇಷ್ಟು ವರ್ಷದಲ್ಲಿ ಅವಳ ಬಾಯಿಂದ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಹಜಾರಕ್ಕೆ ಹೋಗಿ ಅವಳೇ ಆ ಹಸಿರು ರವಿಕೆ ಕಣವನ್ನು ತಂದಳು. ಮಡಿಲಿಗೆ ತುಂಬಲೆಂದು ತಂದ ಬಟ್ಟೆ. ನಾನು ಬ್ಲೌಸಿನ ಎರಡೂ ಪಕ್ಕ ಬಿಚ್ಚಿದೆ. ಅವಳು ಕಣದಿಂದ ಉದ್ದುದ್ದ ಪಟ್ಟಿ ಕತ್ತರಿಸಿ, ನನ್ನ ಹಳೆಯ ಕಾಲುಮಿಷನ್ನಿನಲ್ಲಿ ಕುಳಿತು ಪಕ್ಕಕ್ಕೆ ಸೇರಿಸಿ ಹೊಲಿದಳು. ಬಣ್ಣ ಒಂದು ಶೇಡ್ ಗಾಢ. ಸೆರಗಿನಡಿ ಯಾರಿಗೆ ಕಾಣಬೇಕು?

"ಮಿಕ್ಕಿದ್ರಲ್ಲಿ ಇನ್ನೊಂದು ಹೊಲಿಸ್ಕಳವ್ವ," ಅಂದಳು ನಾದಿನಿ, ನೂಲು ಹಲ್ಲಿನಲ್ಲಿ ಕಡಿಯುತ್ತ. "ಒಳಗೆ ಬಟ್ಟೆ ಬುಟ್ಟು ಹೊಲಿ ಅಂತ ಹೇಳು ಟೈಲರ್‌ಗೆ. ಹೆಣ್ಮಕ್ಳ ಮೈ, ಇಂಗೇ ಇರ್ತದೆ ಅಂತ ಹೇಳಕ್ಕಾಯ್ತದಾ?"

ನಮ್ಮತ್ತೆಯ ಮಗಳೇ ಅವಳು. ದನಿ ಕೂಡ ಅದೇ.

ಸೋಮವಾರ ಸೊಸೆ ಆ ಬ್ಲೌಸಿನಲ್ಲೇ ಬಸ್ಸು ಹತ್ತಿದಳು. ಸಂಜೆ ಬಂದವಳ ಕೈಯೆಲ್ಲ ಚಾಕ್‌ಪೀಸಿನ ಪುಡಿ. ಬೋರ್ಡಿನ ತುದಿಯ ತನಕ ಬರೆದೆ ಅತ್ತೆ, ಅಂದಳು.

ಆ ವಾರವೇ ನಾವಿಬ್ಬರೂ ಡಾಕ್ಟರ್ ಹತ್ತಿರ ಹೋದೆವು. ಅವಳೇ ಒಳಗೆ ಹೋಗಿ ಮಾತಾಡಲಿ ಎಂದು ನಾನು ಬೆಂಚಿನ ಮೇಲೆ ಕುಳಿತೆ. ಈ ಇಂಜೆಕ್ಷನ್ ಕೆಲವರಿಗೆ ಹೀಗೆ ಮೈ ತುಂಬಿಸುತ್ತದೆ, ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗಬೇಕೆಂದಿಲ್ಲ, ಬೇರೆ ದಾರಿಗಳಿವೆ, ಮುಟ್ಟು ಮಾಮೂಲಿಗೆ ಬರಲು ಕೆಲವು ತಿಂಗಳು ಹಿಡಿಯಬಹುದು ಎಂದರಂತೆ. ಹಾರ್ಮೋನ್ ಇಲ್ಲದ ಕಾಪರ್-ಟಿ ಹಾಕಿಸಿಕೊಳ್ಳುತ್ತೇನೆ ಎಂದು ಅವಳೇ ಆರಿಸಿದಳು. ವಾಪಸ್ಸು ಬರುವಾಗ ಬಸ್ಸಿನಲ್ಲಿ, ನಾನು ಕೇಳುವ ಮೊದಲೇ ಎಲ್ಲವನ್ನೂ ಹೇಳಿದಳು.

ತೂಕ ಒಂದೇ ಸಲ ಇಳಿಯಲಿಲ್ಲ. ತುಪ್ಪ ನಿಂತಿತು, ಹಸಿವು ತಗ್ಗಿತು, ಮೈ ನಿಧಾನವಾಗಿ ಸ್ವಲ್ಪ ಇಳಿಯಿತು. ಪೂರ್ತಿ ಹಳೆಯ ಹಾಗೆ ಆಗಲಿಲ್ಲ, ಅವಳು ಅದಕ್ಕೆ ಕಾಯುತ್ತಲೂ ಇಲ್ಲ. ಕೊನೆಯ ಪರೀಕ್ಷೆಗೆ ಓದುತ್ತಿದ್ದಾಳೆ. ಹಳದಿ ಉಲ್ಲನ್ ಸದ್ಯಕ್ಕೆ ನನ್ನ ಎರಡು ಮಂಡಿಗಳಿಗೆ ಚೀಲವಾಗಿದೆ. ಬೇಕಾದಾಗ ಬಿಚ್ಚಿ ಮತ್ತೆ ಹೆಣೆಯಬಹುದು.

ಮೊನ್ನೆ ಬೆಳಿಗ್ಗೆ ಅವಳು ಕೂದಲು ಕೆದರಿಕೊಂಡು ಬಾಗಿಲಲ್ಲಿ ನಿಂತು, "ಅತ್ತೆ, ಇವತ್ತು ನೀವು" ಅಂದಳು. ಹೇಳಿ ಮತ್ತೆ ಮಲಗಲು ಹೋದಳು.

ನಾನು ಮಂಡಿಗೆ ಹಳದಿ ಚೀಲ ಏರಿಸಿಕೊಂಡು, ಬಾಗಿಲ ಚೌಕಟ್ಟು ಹಿಡಿದು ಕುಳಿತು, ಬತ್ತಿ ಸರಿ ಮಾಡಿದೆ. ದೇವರಿಗೆ ಥ್ಯಾಂಕ್ಸ್ ಹೇಳಿದೆ, ನನ್ನ ಅತ್ತೆಗೆ ಇನ್ನೂ ಒಂದು ಹೆಚ್ಚು. ಸೊಸೆ ಹೊರಗಾದಳೆಂದು ಇಷ್ಟು ಸಂತೋಷದಿಂದ ದೀಪ ಹಚ್ಚಿದ ಅತ್ತೆ ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.