ಬೆಚ್ಚಗೆ ಒಯ್ದ ರಕ್ತ

ಅರವತ್ತರ ದಶಕದಲ್ಲಿ ನಾನು ಘಟಪ್ರಭೆಯ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸುವ ಕೆಲಸದಲ್ಲಿದ್ದೆ. ರಕ್ತದ ನಳಿಗೆಯನ್ನು ಯಾರಾದರೂ ಅಲ್ಲಾಡಿಸಿದರೆ ಸಾಕು, ಮೈಮೇಲೆ ದೇವರು ಬಂದವಳಂತೆ ಆಡುತ್ತಿದ್ದೆ. ವಾರ್ಡಿನವರೆಲ್ಲ ನನ್ನನ್ನು ಕಂಡರೆ ದೂರ.

ಕಲ್ಲೋಳಿಯ ಮುದುಕನೊಬ್ಬ ತನ್ನ ಸೊಸೆಯನ್ನು ಕರೆತಂದ. ಸೊರಗಿ, ಮೈಯೆಲ್ಲ ಕಪ್ಪಾಗಿ, ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಬಂದು ಬೀಳುತ್ತಿದ್ದಳು. ಮೈಗೆ ಕಷ್ಟ ಬಂದಾಗ ತಡೆದುಕೊಳ್ಳುವ ಬಲ ಕೊಡುವ ಹಾರ್ಮೋನು ಇವಳಲ್ಲಿ ಬತ್ತಿದೆಯೆಂದು ಡಾಕ್ಟರರ ಅನುಮಾನ. ಅದನ್ನು ಅಳೆಯುವವರು ಪುಣೆಯಲ್ಲಿದ್ದರು. ಮೊದಲೇ ಔಷಧ ಕೊಟ್ಟರೆ ಅಳತೆ ಕೆಡುತ್ತದೆ, ತಡವಾದರೆ ಹುಡುಗಿ ಉಳಿಯುವುದಿಲ್ಲ.

ಬೆಳಗ್ಗೆ ಅವಳು ಹಾಸಿಗೆಯಿಂದ ಏಳುವ ಮೊದಲೇ, ಗಾಬರಿಪಡಿಸದೆ ರಕ್ತ ತೆಗೆದೆ. ಹೆಪ್ಪುಗಟ್ಟಿದ ಮೇಲೆ ತಿಳಿಯನ್ನು ಬೇರೆ ಮಾಡಿ ಸಣ್ಣ ಸೀಸೆಗೆ ತುಂಬಿ, ಐಸು ಹಾಕಿದ ಥರ್ಮಾಸಿನಲ್ಲಿಟ್ಟೆ. "ಮುಚ್ಚಳ ತೆಗೀಬ್ಯಾಡ್ರಿ ಕಾಕಾ" ಎಂದು ಹತ್ತು ಸಲ ಹೇಳಿ ಮುದುಕನನ್ನು ರೈಲು ಹತ್ತಿಸಿದೆ.

ಸಪ್ಪೆ ಮುಖ ಮಾಡಿಕೊಂಡು ಮರಳಿ ಬಂದ. ಪುಣೆಯವರು ಸೀಸೆ ಮುಟ್ಟಿ ನೋಡಿ, ಬೆಚ್ಚಗಾಗಿ ಕೆಟ್ಟಿದೆ, ನಡೆಯುವುದಿಲ್ಲ ಎಂದಿದ್ದರು.

"ಏನ್ ಮಾಡಿದ್ರಿ ಕಾಕಾ?"

"ಜೀವ ಇದ್ದವರ ರಕ್ತರಿ ಬಾಯಾರ. ಹೆಣದಂಗ ಐಸಿನ್ಯಾಗ ಹ್ಯಾಂಗ ಒಯ್ಲಿ? ಆಗಷ್ಟ ಹುಟ್ಟಿದ ಕುರಿಮರಿನ ಒಯ್ದಂಗ ಅಂಗಿಯೊಳಗ ಎದಿಗಿ ಅವಚಿಕೊಂಡು ಒಯ್ದೆ."

ನನ್ನ ಪಿತ್ತ ನೆತ್ತಿಗೇರಿತು. ಬಾಯಿಗೆ ಬಂದಂತೆ ಬೈದೆ. ಮುದುಕ ತಲೆ ತಗ್ಗಿಸಿ ನಿಂತ. ಮಂಚದಿಂದ ಸೊಸೆಯ ದನಿ ಬಂತು: "ಮಾವಾರಿಗೆ ಬೈಬ್ಯಾಡ್ರಿ ಅಕ್ಕಾರ. ಇನ್ನೊಮ್ಮೆ ತಗೋರಿ." ತೋಳನ್ನು ಮುಂದೆ ಚಾಚಿದ್ದಳು. ಅದರಲ್ಲಿ ಎಲುಬು ಬಿಟ್ಟರೆ ಏನೂ ಇರಲಿಲ್ಲ. ಅವಳನ್ನು ಕಂಡು ಕರುಳು ಚುರ್ ಎಂದಿತು, ಮುದುಕನನ್ನು ಕಂಡೂ.

ಮರುದಿನ ಬೆಳಗ್ಗೆ ನರ ಹುಡುಕಿ ಹುಡುಕಿ ಮತ್ತೆ ರಕ್ತ ತೆಗೆದೆ. ಈ ಸಲ ಮುದುಕ ಥರ್ಮಾಸನ್ನು ತೊಡೆಯಿಂದ ಕೆಳಗಿಡಲಿಲ್ಲವಂತೆ. ಚಹಾ ಇರಬೇಕೆಂದು ಒಂದು ಗುಟುಕು ಕೇಳಿದವನೊಬ್ಬನ ಜೊತೆ ಜಗಳಕ್ಕೇ ನಿಂತಿದ್ದನಂತೆ. ಡಾಕ್ಟರರ ಅನುಮಾನ ಖರೆಯಾಯಿತು, ಔಷಧ ಶುರುವಾಯಿತು. ಹುಡುಗಿ ಗೋಡೆ ಹಿಡಿಯದೆ ನಡೆಯತೊಡಗಿದಳು.

ಊರಿಗೆ ಹೊರಡುವ ಬೆಳಗ್ಗೆ ಒಳ್ಳೆಯ ಚಳಿ. ಮುದುಕ ಕಂಬಳಿ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದ. ಸೊಸೆ ನಡುಗುತ್ತ ಬಂದು ಪಕ್ಕದಲ್ಲಿ ನಿಂತರೂ ಅವಳಿಗೆ ಹೊಚ್ಚಲಿಲ್ಲ. ಅಂಜುತ್ತ ನನ್ನ ಮುಖ ನೋಡಿದ.

"ಬಾಯಾರ, ಇನ್ನ ಈಕಿನ್ನ ಬೆಚ್ಚಗ ಇಡಬಹುದಲ್ರಿ?"